ಪೊಲೀಸ್ ಏಟು, ಊರಿಗೆ ಬೆಂಕಿ, ಆಮೇಲೊಂದು ವರದಿ: ಅಮೆರಿಕಾದಲ್ಲಿ ಇದು ಯಾಕೆ ಮತ್ತೆ ಮತ್ತೆ?

ರಾತ್ರಿಪಾಳಿ

ಎಲ್ಲರಿಗೂ ನಮಸ್ಕಾರ. ತುಂಬಾ ದಿನದಿಂದ ತಲೆ ಕೊರೀತಿರೋ ಪ್ರಶ್ನೆ, ಕೇಳೋಕೆ ಸ್ವಲ್ಪ ಸಂಕೋಚ ಇತ್ತು. 2020ರಲ್ಲಿ ಮಿನಿಯಾಪೊಲಿಸ್‌ನಲ್ಲಿ ಜಾರ್ಜ್ ಫ್ಲಾಯ್ಡ್ ಅನ್ನೋ ಕಪ್ಪು ಮನುಷ್ಯ ಪೊಲೀಸ್ ಕೈಲಿ ಸತ್ತಾಗ ಟಿವಿಲಿ ನೋಡಿದ್ದೆ, ಪೊಲೀಸ್ ಸ್ಟೇಷನ್‌ಗೇ ಬೆಂಕಿ ಬಿದ್ದಿದ್ದು ನೋಡಿದ್ದೆ, ಆವಾಗ ಅನ್ಕೊಂಡೆ ಇದು ಈ ಕಾಲದ ಮೊಬೈಲ್ ವಿಡಿಯೋ ಎಫೆಕ್ಟ್ ಇರ್ಬೇಕು ಅಂತ. ಈಗ ರಾತ್ರಿ ಡ್ಯೂಟಿಲಿ ಟೈಮ್ ಸಿಕ್ಕಾಗೆಲ್ಲ ಹಿಂದಕ್ಕೆ ಹಿಂದಕ್ಕೆ ಓದ್ತಾ ಹೋದ್ರೆ ಮುಗಿಯೋದೇ ಇಲ್ವಲ್ಲ ಇದು. 1965 ವಾಟ್ಸ್ (ಲಾಸ್ ಏಂಜಲೀಸ್‌ನ ಒಂದು ಬಡಾವಣೆ), 34 ಜನ ಸತ್ರು. 1967 ನ್ಯೂಯಾರ್ಕ್, 26 ಜನ. ಅದೇ ತಿಂಗಳು ಡೆಟ್ರಾಯಿಟ್, 43. 1980 ಮಯಾಮಿ, 18. 1992 ಲಾಸ್ ಏಂಜಲೀಸ್, 60ಕ್ಕೂ ಜಾಸ್ತಿ. ಪ್ರತಿ ಸಲಾನೂ ಶುರು ಆಗೋದು ಒಂದು ಸಣ್ಣ ವಿಷಯದಿಂದ, ಯಾರನ್ನೋ ಗಾಡಿ ನಿಲ್ಲಿಸಿದ್ರು, ಯಾರನ್ನೋ ಹೊಡೆದ್ರು, ಸಂಜೆ ಹೊತ್ತಿಗೆ ಜನ ಸೇರಿದ್ರು, ರಾತ್ರಿಗೆ ಬೆಂಕಿ. ಆಮೇಲೆ ಸೈನ್ಯ, ಆಮೇಲೆ ಒಂದು ಆಯೋಗ, ಆಮೇಲೆ ಒಂದು ದಪ್ಪ ವರದಿ.

ನನಗೆ ಅರ್ಥ ಆಗದೇ ಇರೋದು ಏನಂದ್ರೆ, ಕೋಪ ಪೊಲೀಸರ ಮೇಲೆ ಅಲ್ವಾ, ಹಾಗಿದ್ರೆ ತಮ್ಮದೇ ಏರಿಯಾದ ಅಂಗಡಿಗೆ ಯಾಕೆ ಬೆಂಕಿ ಹಾಕ್ತಾರೆ? ಮರುದಿನ ಹಾಲು ಬ್ರೆಡ್ ತರೋದು ಅಲ್ಲಿಂದಾನೇ ತಾನೆ? ಮತ್ತೆ ಇಷ್ಟೆಲ್ಲ ಆದ್ಮೇಲೆ ಏನಾದ್ರೂ ಬದಲಾಗಿದ್ಯಾ ಇಲ್ಲ ಸುಮ್ನೆ ಸತ್ರಾ ಅಷ್ಟು ಜನ? ಓದಿಕೊಂಡಿರೋರು ದಯವಿಟ್ಟು ಹೇಳಿ. ಜಗಳ ಬೇಡ, ನಿಜವಾಗ್ಲೂ ತಿಳ್ಕೊಳೋಕೆ ಕೇಳ್ತಿದೀನಿ.

ಹಳೇಪೇಪರ್

ಒಳ್ಳೇ ಪ್ರಶ್ನೆ ಸರ್. ಮೊದಲು ಒಂದು ಚಿಕ್ಕ ತಿದ್ದುಪಡಿ, 1967ರಲ್ಲಿ 26 ಜನ ಸತ್ತಿದ್ದು ನ್ಯೂಯಾರ್ಕ್ ಅಲ್ಲ, ನ್ಯೂವಾರ್ಕ್. ನ್ಯೂಜೆರ್ಸಿ ರಾಜ್ಯದ ಊರು, ನದಿ ದಾಟಿ ಸ್ವಲ್ಪ ಹೋದ್ರೆ ಸಿಗುತ್ತೆ, ಎಲ್ಲರೂ ಕನ್ಫ್ಯೂಸ್ ಮಾಡ್ಕೋತಾರೆ. ಅಲ್ಲಿ ಜಾನ್ ಸ್ಮಿತ್ ಅಂತ ಒಬ್ಬ ಕಪ್ಪು ಟ್ಯಾಕ್ಸಿ ಡ್ರೈವರ್, ರಸ್ತೆಲಿ ಅಡ್ಡ ನಿಂತಿದ್ದ ಪೊಲೀಸ್ ಕಾರನ್ನ ಪಕ್ಕದಿಂದ ದಾಟ್ಕೊಂಡು ಹೋದ, ಅಷ್ಟೇ. ಹಿಡ್ಕೊಂಡು ಹೊಡೆದು ಸ್ಟೇಷನ್ ಒಳಗೆ ಎಳ್ಕೊಂಡು ಹೋದ್ರು. ಸ್ಟೇಷನ್ ಎದುರುಗಡೆನೇ ಸರ್ಕಾರಿ ವಸತಿ ಕಟ್ಟಡಗಳು, ಕಿಟಕಿಯಿಂದ ಜನ ನೋಡಿದ್ರು. ಅರ್ಧ ಗಂಟೆಲಿ ಅವನು ಸತ್ತೇಹೋದ ಅಂತ ಸುದ್ದಿ ಹಬ್ಬಿತು. ಅವನು ಸತ್ತಿರಲಿಲ್ಲ. ಆದ್ರೆ ಸತ್ತ ಅಂದಾಗ ಯಾರೂ "ಹೌದಾ, ಇರಲಾರದು" ಅನ್ನಲಿಲ್ಲ ನೋಡಿ, ನನ್ನ ಪ್ರಕಾರ ಕಥೆ ಇರೋದು ಅಲ್ಲಿ. ಗಾಳಿಸುದ್ದಿ ನಂಬೋಕೆ ಮುಂಚಿನ ಇಪ್ಪತ್ತು ವರ್ಷದ ಅನುಭವ ಇರ್ಬೇಕಾಗುತ್ತೆ.

ನೀವು ಹಿಂದಕ್ಕೆ ಹೋಗ್ತಿದ್ದೀರಲ್ಲ, 1965ಕ್ಕೆ ನಿಲ್ಲಿಸಬೇಡಿ, ಇನ್ನೂ ಹಿಂದೆ ಹೋಗಿ. 1919ರ ಬೇಸಿಗೆ, ಶಿಕಾಗೊ. ಕೆರೆ ತೀರದಲ್ಲಿ ಕರಿಯರ ಕಡೆ ಬಿಳಿಯರ ಕಡೆ ಅಂತ ಒಂದು ಗೆರೆ, ಕಾನೂನಲ್ಲಿ ಎಲ್ಲೂ ಬರೆದಿರಲಿಲ್ಲ ಆದ್ರೆ ಎಲ್ಲರಿಗೂ ಗೊತ್ತಿತ್ತು. ಯೂಜೀನ್ ವಿಲಿಯಮ್ಸ್ ಅನ್ನೋ 17 ವರ್ಷದ ಹುಡುಗ ತೆಪ್ಪದ ಮೇಲೆ ತೇಲ್ತಾ ಆ ಗೆರೆ ಆಚೆ ಹೋದ, ದಡದಿಂದ ಒಬ್ಬ ಬಿಳಿಯ ಕಲ್ಲು ಹೊಡೆದ, ಹುಡುಗ ಮುಳುಗಿ ಸತ್ತ. ಅಲ್ಲೇ ಇದ್ದ ಪೊಲೀಸ್ ಕಲ್ಲು ಹೊಡೆದವನನ್ನ ಹಿಡಿಯೋಕೆ ಒಪ್ಪಲಿಲ್ಲ. ಮುಂದಿನ ಒಂದು ವಾರದಲ್ಲಿ 38 ಜನ ಸತ್ರು, 23 ಕಪ್ಪು 15 ಬಿಳಿ. ಆ ಕಾಲದಲ್ಲಿ "ಜನಾಂಗೀಯ ಗಲಭೆ" ಅಂದ್ರೆ ಹೆಚ್ಚಾಗಿ ಬಿಳಿಯರ ಗುಂಪು ಕರಿಯರ ಕೇರಿಗೆ ನುಗ್ಗೋದು ಅಂತಾನೇ ಅರ್ಥ. 1917 ಈಸ್ಟ್ ಸೇಂಟ್ ಲೂಯಿಸ್, 1921 ಟಲ್ಸಾ ಎಲ್ಲ ಅದೇ. ಟಲ್ಸಾದಲ್ಲಿ ಗ್ರೀನ್‌ವುಡ್ ಅನ್ನೋ ಚೆನ್ನಾಗಿ ಬಾಳಿದ ಕರಿಯರ ಬಡಾವಣೆ 35 ಬ್ಲಾಕ್ ಸುಟ್ಟು ಬೂದಿ. ಅದನ್ನೂ ಎಷ್ಟೋ ದಶಕ "ರಯಟ್" ಅಂತಾನೇ ಕರೆದ್ರು. ಈಗ ಹತ್ಯಾಕಾಂಡ ಅಂತಾರೆ.

ಈ ಲೆಕ್ಕ ತಿರುಗಿದ್ದು 1935ರಲ್ಲಿ, ಹಾರ್ಲೆಮ್‌ನಲ್ಲಿ. ಇದು ನಿಜವಾದ ನ್ಯೂಯಾರ್ಕ್ 🙂. ಅಂಗಡಿಲಿ ಒಬ್ಬ ಹುಡುಗ ಒಂದು ಪೆನ್ ಚಾಕು ಎತ್ಕೊಂಡ, ಸಿಕ್ಕಿಬಿದ್ದ, ಪೊಲೀಸ್ ಬಂದು ಹಿಂದಿನ ಬಾಗಿಲಿಂದ ಬಿಟ್ಟು ಕಳಿಸಿದ್ರು. ಹೊರಗಿದ್ದೋರಿಗೆ ಕಾಣಿಸಲಿಲ್ಲ, ಹೊಡೆದು ಸಾಯಿಸಿದ್ರು ಅಂತ ಸುದ್ದಿ. ಇಲ್ಲಿ ಮೊದಲ ಸಲ ಏಟು ಬಿದ್ದಿದ್ದು ಜಾಸ್ತಿ ಅಂಗಡಿ ಗಾಜಿಗೆ, ಪೊಲೀಸ್‌ಗೆ. ಮೇಯರ್ ಲಾ ಗ್ವಾರ್ಡಿಯಾ ಒಂದು ಆಯೋಗ ಮಾಡಿದ್ರು, ಅದು ಪೊಲೀಸ್ ದೌರ್ಜನ್ಯ, ಕೆಲಸ ಇಲ್ಲ, ಬಾಡಿಗೆ ಜಾಸ್ತಿ, ಆಸ್ಪತ್ರೆ ಸರಿ ಇಲ್ಲ ಅಂತ ಒಂದೊಂದೇ ಬರೀತು. ಮೇಯರ್ ಅದನ್ನ ಪ್ರಕಟ ಮಾಡ್ಲೇ ಇಲ್ಲ, ಕರಿಯರ ಪತ್ರಿಕೆ ಆಮ್‌ಸ್ಟರ್‌ಡ್ಯಾಮ್ ನ್ಯೂಸ್ 1936ರಲ್ಲಿ ಅಚ್ಚು ಹಾಕ್ತು. ನೀವು ಹೇಳಿದ "ಆಮೇಲೊಂದು ದಪ್ಪ ವರದಿ" ಅನ್ನೋ ಪದ್ಧತಿ ಅಷ್ಟು ಹಳೇದು.

ಇನ್ನೊಂದು ಮಾತು, ಇದನ್ನ ಕನ್ನಡದಲ್ಲಿ ಏನಂತ ಕರೀಬೇಕು ಅನ್ನೋದೂ ತಲೆನೋವೇ. ದೊಂಬಿ ಅಂದ್ರೆ ಪೊಲೀಸ್ ಕೇಸ್ ಹಾಕಿದ ಹಾಗೆ ಕೇಳುತ್ತೆ. ಗಲಭೆ ಅಂದ್ರೆ ಇಬ್ಬರೂ ಸಮಸಮ ಹೊಡೆದಾಡಿದ್ರು ಅನ್ನೋ ಹಾಗೆ. ಬಂಡಾಯ ಅಂದ್ರೆ ಯಾರೋ ಮುಂದಾಳು ಇದ್ದ, ಯೋಜನೆ ಇತ್ತು ಅನ್ನೋ ಹಾಗೆ. ಅಲ್ಲಿನವರದ್ದೂ ಇದೇ ಜಗಳ, ರಯಟ್ ಅನ್ನೋರು ಒಂದು ಕಡೆ, ರೆಬೆಲಿಯನ್ ಅನ್ನೋರು ಒಂದು ಕಡೆ. ನಾನು ದಂಗೆ ಅಂತ ಬರೀತೀನಿ, ಅದೂ ಪೂರ್ತಿ ಸರಿ ಅನ್ಸಲ್ಲ.

ಮಿಶಿಗನ್ ಕನ್ನಡತಿ

ನಾನು ಡೆಟ್ರಾಯಿಟ್ ಪಕ್ಕದ ಸಬರ್ಬ್‌ನಲ್ಲಿ ಹದಿನಾಲ್ಕು ವರ್ಷದಿಂದ ಇದೀನಿ, ಹಾಗಾಗಿ "ತಮ್ಮ ಏರಿಯಾಗೆ ತಾವೇ ಯಾಕೆ" ಅನ್ನೋದಕ್ಕೆ ಈ ಊರಿನ ಕಥೆ ಇಟ್ಕೊಂಡೇ ಹೇಳ್ತೀನಿ. ಸ್ವಲ್ಪ ಉದ್ದ ಆಗುತ್ತೆ.

1967 ಜುಲೈ 23, ಭಾನುವಾರ, ಇನ್ನೂ ಬೆಳಕು ಹರಿದಿರಲಿಲ್ಲ. 12ನೇ ಸ್ಟ್ರೀಟ್ ಮತ್ತೆ ಕ್ಲೇರ್‌ಮೌಂಟ್ ಸೇರೋ ಮೂಲೇಲಿ, ಮಹಡಿ ಮೇಲೆ ಒಂದು ಲೈಸೆನ್ಸ್ ಇಲ್ಲದ ಬಾರ್. ಅದಕ್ಕೆ ಇಲ್ಲಿ "ಬ್ಲೈಂಡ್ ಪಿಗ್" ಅಂತಾರೆ. ಒಳಗೆ ವಿಯೆಟ್ನಾಂ ಯುದ್ಧದಿಂದ ವಾಪಸ್ ಬಂದ ಇಬ್ಬರು ಹುಡುಗರಿಗೆ ಪಾರ್ಟಿ. ಪೊಲೀಸರು ಹತ್ತಿಪ್ಪತ್ತು ಜನ ಇರ್ಬಹುದು ಅಂತ ನುಗ್ಗಿದ್ರು, ನೋಡಿದ್ರೆ 80ಕ್ಕೂ ಜಾಸ್ತಿ. ಎಲ್ಲರನ್ನೂ ಅರೆಸ್ಟ್ ಮಾಡೋಣ ಅಂದ್ರು. ಅಷ್ಟು ಜನಕ್ಕೆ ವ್ಯಾನ್ ಇಲ್ಲ, ಒಂದೊಂದೇ ಬರೋವರೆಗೂ ಎಲ್ಲರನ್ನೂ ರಸ್ತೆಲಿ ನಿಲ್ಲಿಸಿಕೊಂಡ್ರು, ಸೆಕೆ ಬೇರೆ, ಸುತ್ತಮುತ್ತ ಜನ ಎದ್ದು ಬಂದ್ರು. ಕೊನೇ ವ್ಯಾನ್ ಹೋಗೋ ಹೊತ್ತಿಗೆ ಬಾಟಲಿ ಬಿತ್ತು. ಐದು ದಿನ ಆದ್ಮೇಲೆ ಲೆಕ್ಕ ನೋಡಿದ್ರೆ 43 ಜನ ಸತ್ತಿದ್ರು, ಅದರಲ್ಲಿ 33 ಜನ ಕಪ್ಪು, 7,200 ಜನ ಅರೆಸ್ಟ್, ನ್ಯಾಷನಲ್ ಗಾರ್ಡ್ ಅನ್ನೋ ರಾಜ್ಯದ ಮೀಸಲು ಪಡೆ ಸಾಲದೆ ಸೇನೆಯ ಪ್ಯಾರಾಟ್ರೂಪರ್‌ಗಳನ್ನೂ ಕರೆಸಿದ್ರು. ಅಲ್ಜಿಯರ್ಸ್ ಮೋಟೆಲ್ ಅನ್ನೋ ಜಾಗದಲ್ಲಿ ಮೂರು ಜನ ಕಪ್ಪು ಹುಡುಗರನ್ನ ಗುಂಡಿಟ್ಟು ಸಾಯಿಸಿದ್ರು, ಆ ಕೇಸಲ್ಲಿ ಒಬ್ಬ ಪೊಲೀಸ್‌ಗೂ ಶಿಕ್ಷೆ ಆಗ್ಲಿಲ್ಲ.

ಈಗ ನಿಮ್ಮ ಪ್ರಶ್ನೆಗೆ ಬರ್ತೀನಿ. 12ನೇ ಸ್ಟ್ರೀಟ್‌ನಲ್ಲಿ ಅಷ್ಟು ಜನ ಯಾಕಿದ್ರು ಗೊತ್ತಾ? ಅದಕ್ಕೂ ಮುಂಚೆ ಊರಿನ ಕರಿಯರು ಇದ್ದಿದ್ದು ಬ್ಲ್ಯಾಕ್ ಬಾಟಮ್ ಅನ್ನೋ ಕಡೆ, ಅಲ್ಲಿ ಹೇಸ್ಟಿಂಗ್ಸ್ ಸ್ಟ್ರೀಟ್ ಅಂತ ಅವರದ್ದೇ ಅಂಗಡಿ, ಹೋಟೆಲ್, ಕ್ಲಬ್ ಇರೋ ಬೀದಿ. 50ರ ದಶಕದಿಂದ ಶುರು ಮಾಡಿ ಅದನ್ನ ಪೂರ್ತಿ ಕೆಡವಿ ಮೇಲೆ ಕ್ರೈಸ್ಲರ್ ಫ್ರೀವೇ ಹಾಕಿದ್ರು. ಸಬರ್ಬ್‌ಗಳಲ್ಲಿ ಅವರಿಗೆ ಮನೆ ಮಾರ್ತಿರಲಿಲ್ಲ, ಸಾಲಾನೂ ಸಿಗ್ತಿರಲಿಲ್ಲ. 1930ರ ದಶಕದಲ್ಲಿ ಸರ್ಕಾರದ ಸಾಲದ ಸಂಸ್ಥೆಗಳೇ ನಕ್ಷೆ ಮಾಡಿ ಕರಿಯರು ಇರೋ ಏರಿಯಾಗೆ ಕೆಂಪು ಬಣ್ಣ ಬಳಿದಿದ್ವು, ಅದಕ್ಕೇ ರೆಡ್‌ಲೈನಿಂಗ್ ಅನ್ನೋದು. ಹಾಗಾಗಿ ಒಕ್ಕಲೆದ್ದ ಜನ ಬಂದು ಒತ್ತೊತ್ತಾಗಿ ತುಂಬ್ಕೊಂಡಿದ್ದು 12ನೇ ಸ್ಟ್ರೀಟ್ ಸುತ್ತ. ಒಂದು ಮನೇನ ಮೂರು ಭಾಗ ಮಾಡಿ ಬಾಡಿಗೆಗೆ ಕೊಡೋರು, ಮಾಲೀಕ ಬೇರೆ ಕಡೆ. ಅಂಗಡಿ ಮಾಲೀಕರು ಕೂಡ ಬಹುತೇಕ ಬೇರೆ ಕಡೆಯವರು. "ತಮ್ಮ ಏರಿಯಾ" ಅಂತ ನಾವು ಅಂದ್ಕೊಳೋದು, ಅವರು ವಾಸ ಇದ್ರು ಅಷ್ಟೇ, ಅವರದ್ದಾಗಿರಲಿಲ್ಲ.

ಅದರ ಮೇಲೆ ಪೊಲೀಸ್. ಊರಲ್ಲಿ ಮೂರಲ್ಲಿ ಒಂದು ಭಾಗಕ್ಕಿಂತ ಜಾಸ್ತಿ ಜನ ಕಪ್ಪು, ಪೊಲೀಸ್ ಪಡೆಯಲ್ಲಿ ನೂರಕ್ಕೆ ಐದೋ ಏನೋ. "ಬಿಗ್ ಫೋರ್" ಅಂತ ನಾಲ್ಕು ಜನ ಪೊಲೀಸರು ದೊಡ್ಡ ಕಾರಲ್ಲಿ ಸುತ್ತೋರು, ನಡ್ಕೊಂಡು ಹೋಗ್ತಿರೋ ಹುಡುಗರನ್ನ ನಿಲ್ಲಿಸಿ, ಬೈದು, ಜೇಬು ತಡಕಿ, ಮನಸ್ಸಿಗೆ ಬಂದ್ರೆ ನಾಲ್ಕೇಟು ಹಾಕಿ ಬಿಡೋರು. ನನ್ನ ಪಕ್ಕದ ಬೀದಿಲಿ ಒಬ್ಬರು ವಯಸ್ಸಾದವರಿದ್ದಾರೆ, ರಿಟೈರ್ಡ್, ಕಾರ್ ಫ್ಯಾಕ್ಟರಿಲಿ ಕೆಲಸ ಮಾಡಿದವರು. ಒಂದಿನ ಮಾತು ಬಂದಾಗ ನಾನು ಆ 43 ಜನ ಸತ್ತಿದ್ದರ ಬಗ್ಗೆ ಕೇಳಿದೆ, ಅವರು ಹೇಳಿದ್ದು ಬಿಗ್ ಫೋರ್ ಬಗ್ಗೆ. ಆ ಕಾರಿನ ಬಾಗಿಲು ತೆಗೆಯೋ ಸದ್ದು ಈಗಲೂ ಗೊತ್ತಾಗುತ್ತೆ ಅಂದ್ರು. ನಾನು ಮುಂದೆ ಏನೂ ಕೇಳಲಿಲ್ಲ.

ಹಾಗಂತ ನಷ್ಟ ಕಡಿಮೆ ಏನಿಲ್ಲ. ಆ ಬೀದಿ ಮತ್ತೆ ಎದ್ದು ನಿಲ್ಲಲೇ ಇಲ್ಲ. ಈಗ ಅದರ ಹೆಸರು ರೋಸಾ ಪಾರ್ಕ್ಸ್ ಬುಲೆವಾರ್ಡ್. ಹೌದು, ಅದೇ ಬಸ್ ಸೀಟಿನ ರೋಸಾ ಪಾರ್ಕ್ಸ್, ಅವರು 1957ರಿಂದ ಇದ್ದಿದ್ದು ಡೆಟ್ರಾಯಿಟ್‌ನಲ್ಲೇ.

ನೇರಮಾತು

ಎಲ್ಲ ಸರಿ ಮೇಡಂ, ಓದೋಕೆ ಮನಸ್ಸಿಗೆ ತಟ್ಟುತ್ತೆ, ಆದ್ರೆ ಇದರಲ್ಲಿ ಅಂಗಡಿ ಕಳ್ಕೊಂಡವನ ಪಾಡು ಎಲ್ಲಿದೆ? 1992 ಲಾಸ್ ಏಂಜಲೀಸ್ ತಗೊಳ್ಳಿ. ರಾಡ್ನಿ ಕಿಂಗ್ ಅನ್ನೋ ಕಪ್ಪು ಮನುಷ್ಯನ ಹೊಡೆದಿದ್ದು ಪೊಲೀಸ್, ಆ ಪೊಲೀಸರನ್ನ ಬಿಟ್ಟು ಕಳಿಸಿದ್ದು ಕೋರ್ಟು, ಸುಟ್ಟಿದ್ದು ಮಾತ್ರ ಕೊರಿಯಾದಿಂದ ಬಂದು ದಿನಕ್ಕೆ ಹದಿನಾಲ್ಕು ಗಂಟೆ ದುಡೀತಿದ್ದ ಬಡಪಾಯಿಗಳ ಅಂಗಡಿ. 2,000ಕ್ಕೂ ಹೆಚ್ಚು ಕೊರಿಯನ್ ಅಂಗಡಿ ಹಾಳಾದ್ವು. ಅವರು ಆ ದಿನಾನ ಇವತ್ತಿಗೂ "ಸಾ-ಇ-ಗು" ಅಂತಾರೆ, ಅಂದ್ರೆ 4-2-9, ಏಪ್ರಿಲ್ 29. ರೆಜಿನಾಲ್ಡ್ ಡೆನಿ ಅನ್ನೋ ಲಾರಿ ಡ್ರೈವರ್, ಪಾಪ ಏನೂ ಗೊತ್ತಿಲ್ದೆ ಗಲಾಟೆ ನಡೀತಿದ್ದ ಸರ್ಕಲ್‌ಗೆ ಬಂದ, ಎಳೆದು ಹಾಕಿ ತಲೆ ಒಡೆದ್ರು, ಹೆಲಿಕಾಪ್ಟರ್ ಕ್ಯಾಮೆರಾದಲ್ಲಿ ಲೈವ್. ಇದಕ್ಕೆ ರೆಡ್‌ಲೈನಿಂಗ್ ಕಾರಣ ಅಂತೀರಾ? ಅರ್ಥ ಮಾಡ್ಕೊಳೋದು ಬೇರೆ, ಸಮರ್ಥನೆ ಬೇರೆ. ಇಲ್ಲಿ ಎರಡೂ ಕಲಸಿ ಹೋಗ್ತಿದೆ.

ಹಳೇಪೇಪರ್

@ನೇರಮಾತು ಸರ್ ನಿಮ್ಮ ಮಾತು ಒಪ್ತೀನಿ, ಡೆನಿ ವಿಷಯದಲ್ಲಿ ಎರಡು ಮಾತಿಲ್ಲ. ಅವನನ್ನ ಕಾಪಾಡಿ ಆಸ್ಪತ್ರೆಗೆ ಸೇರಿಸಿದ್ದು ಅದೇ ಏರಿಯಾದ ನಾಲ್ಕು ಜನ ಕರಿಯರು, ಟಿವಿಲಿ ನೋಡಿ ಮನೆಯಿಂದ ಓಡಿ ಬಂದವರು, ಇದನ್ನೂ ಸೇರಿಸಿ ಹೇಳ್ಬೇಕು.

ಕೊರಿಯನ್ ಅಂಗಡಿ ವಿಷಯಕ್ಕೆ ಒಂದು ಹಿಂದಿನ ಕಥೆ ಇದೆ, ಅದು ಇಲ್ದೆ 1992 ಅರ್ಥ ಆಗಲ್ಲ. ರಾಡ್ನಿ ಕಿಂಗ್‌ಗೆ ಏಟು ಬಿದ್ದಿದ್ದು 1991 ಮಾರ್ಚ್ 3. ಹದಿಮೂರೇ ದಿನ ಆದ್ಮೇಲೆ, ಲಟಾಶಾ ಹಾರ್ಲಿನ್ಸ್ ಅನ್ನೋ 15 ವರ್ಷದ ಕಪ್ಪು ಹುಡುಗಿ ಒಂದು ಕೊರಿಯನ್ ಅಂಗಡಿಗೆ ಕಿತ್ತಳೆ ಜ್ಯೂಸ್ ತರೋಕೆ ಹೋದಳು. ಕದ್ದಳು ಅಂತ ಅಂಗಡಿಯಾಕೆ ಹಿಡ್ಕೊಂಡ್ಲು, ಜಗಳ ಆಯ್ತು, ಹುಡುಗಿ ಜ್ಯೂಸ್ ಕೌಂಟರ್ ಮೇಲಿಟ್ಟು ತಿರುಗಿ ಹೊರಟಾಗ ತಲೆ ಹಿಂದಕ್ಕೆ ಗುಂಡು. ಕೈಲಿ ದುಡ್ಡು ಇತ್ತು, 2 ಡಾಲರ್. ಅಂಗಡಿ ಕ್ಯಾಮೆರಾದಲ್ಲಿ ಎಲ್ಲ ರೆಕಾರ್ಡ್. ಜ್ಯೂರಿ ತಪ್ಪಿತಸ್ಥೆ ಅಂದ್ರು, 16 ವರ್ಷದವರೆಗೂ ಜೈಲಾಗ್ಬಹುದಿತ್ತು, ಜಡ್ಜ್ ಕೊಟ್ಟಿದ್ದು ಪ್ರೊಬೇಷನ್, ಸಮುದಾಯ ಸೇವೆ ಮತ್ತೆ 500 ಡಾಲರ್ ದಂಡ. ಜೈಲಿಲ್ಲ. ಮೇಲಿನ ಕೋರ್ಟು ಅದನ್ನೇ ಎತ್ತಿ ಹಿಡಿದಿದ್ದು 1992ರ ಏಪ್ರಿಲ್ ಕೊನೆಗೆ, ದಂಗೆಗೆ ಒಂದು ವಾರ ಮುಂಚೆ. ಆಮೇಲೆ ರಾಡ್ನಿ ಕಿಂಗ್ ಕೇಸ್ ನಡೆದ ಸಿಮಿ ವ್ಯಾಲಿ ಊರಿನ ಜ್ಯೂರಿ, ಅದರಲ್ಲಿ ಒಬ್ಬರೂ ಕಪ್ಪು ಇಲ್ಲ, ಅವನಿಗೆ ಏಟು ಬೀಳೋ ವಿಡಿಯೋ ಇಡೀ ಜಗತ್ತು ನೋಡಿದ್ರೂ ಪೊಲೀಸರನ್ನ ಬಿಟ್ರು. ಒಂದೇ ವಾರದಲ್ಲಿ ಎರಡು ಕೋರ್ಟು, ಎರಡು ವಿಡಿಯೋ.

ಇದರಿಂದ ಯಾವನೋ ಬಡ ಅಂಗಡಿಯವನಿಗೆ ಬೆಂಕಿ ಹಾಕೋ ಹಕ್ಕು ಬರಲ್ಲ, ಅದು ನಂಗೂ ಗೊತ್ತು. ಆದ್ರೆ ಕೊರಿಯನ್ ಜನರಿಗೂ ಪೊಲೀಸ್ ಮೇಲೇನೇ ಸಿಟ್ಟು. ಫೋನ್ ಮಾಡಿದ್ರೆ ಯಾರೂ ಬರಲಿಲ್ಲ, ಕೊನೆಗೆ ತಾವೇ ಬಂದೂಕು ಹಿಡ್ಕೊಂಡು ಮಾಳಿಗೆ ಮೇಲೆ ನಿಂತ್ರು. ಪೊಲೀಸ್ ಮುಖ್ಯಸ್ಥ ಡೆರಿಲ್ ಗೇಟ್ಸ್ ಆ ಸಂಜೆ ಎಲ್ಲಿದ್ದ ಅಂದ್ರೆ, ಪೊಲೀಸ್ ಸುಧಾರಣೆ ಮತದಾನಕ್ಕೆ ವಿರುದ್ಧವಾಗಿ ಚಂದಾ ಎತ್ತೋ ಪಾರ್ಟಿಗೆ ಶ್ರೀಮಂತರ ಏರಿಯಾಗೆ ಹೋಗಿದ್ದ! ಆ ಸುಧಾರಣೆ ಜೂನ್‌ನಲ್ಲಿ ಮತದಾರರೇ ಪಾಸ್ ಮಾಡಿದ್ರು ಅನ್ನೋದು ಬೇರೆ ಮಾತು.

ಕಾನೂನುಪುಟ

ತಡವಾಗಿ ಬಂದೆ, ಚರ್ಚೆ ಚೆನ್ನಾಗಿದೆ. "ಏನಾದ್ರೂ ಬದಲಾಯ್ತಾ" ಅನ್ನೋ ಕೊನೇ ಪ್ರಶ್ನೆ ಯಾರೂ ಮುಟ್ಟಿಲ್ಲ, ಅದನ್ನ ಹಿಡ್ಕೋತೀನಿ.

1967ರ ಜುಲೈ ಕೊನೆಗೆ, ಡೆಟ್ರಾಯಿಟ್ ಇನ್ನೂ ಹೊಗೆ ಆಡ್ತಿರೋವಾಗಲೇ ಅಧ್ಯಕ್ಷ ಜಾನ್ಸನ್ 11 ಜನರ ಆಯೋಗ ಮಾಡಿದ್ರು, ಇಲಿನಾಯ್ ಗವರ್ನರ್ ಆಟೊ ಕರ್ನರ್ ಅಧ್ಯಕ್ಷತೆ. ಕ್ರಾಂತಿಕಾರಿಗಳಲ್ಲ, ಮಧ್ಯಮ ಮಾರ್ಗದ ರಾಜಕಾರಣಿಗಳು, ಒಬ್ಬ ಪೊಲೀಸ್ ಮುಖ್ಯಸ್ಥ, ಒಬ್ಬ ಕಂಪನಿ ಮಾಲೀಕ, ಹೀಗೆ. ಇದರ ಹಿಂದೆ ಯಾವುದೋ ಸಂಚು ಇದೆ, ಹೊರಗಿನವರ ಕೈವಾಡ ಇದೆ ಅಂತ ಬರುತ್ತೆ ಅನ್ನೋದು ಜಾನ್ಸನ್ ನಿರೀಕ್ಷೆ. 1968 ಫೆಬ್ರವರಿ 29ಕ್ಕೆ ವರದಿ ಬಂತು. ಸಂಚು ಇಲ್ಲ ಅಂತು. ಜನರ ದೂರುಗಳ ಪಟ್ಟಿ ಮಾಡಿದ್ರೆ ಮೇಲಿನ ಸಾಲಲ್ಲೇ ಪೊಲೀಸ್ ನಡವಳಿಕೆ, ಅದರ ಜೊತೆಗೆ ಕೆಲಸ, ಮನೆ. ಬೀದಿಗಿಳಿದವನು ಊರಿಗೆ ಹೊಸಬ ಅಲ್ಲ, ಅಲ್ಲೇ ಹುಟ್ಟಿ ಬೆಳೆದವನು, ಬೀದಿಗೆ ಇಳೀದೇ ಇದ್ದ ಪಕ್ಕದ ಮನೆಯವನಿಗಿಂತ ಸ್ವಲ್ಪ ಜಾಸ್ತಿನೇ ಓದಿದವನು ಅಂತ ಅಂಕಿಅಂಶ ಸಮೇತ ಹೇಳ್ತು. ಈ ದೇಶ ಎರಡು ಸಮಾಜ ಆಗಿ ಒಡೀತಿದೆ, ಒಂದು ಕಪ್ಪು ಒಂದು ಬಿಳಿ, ಬೇರೆ ಬೇರೆ ಮತ್ತೆ ಅಸಮಾನ, ಈ ಅರ್ಥದ ಆ ಸಾಲು ಎಲ್ಲರಿಗೂ ಗೊತ್ತಿರೋದು. ಪುಸ್ತಕ ಆಗಿ ಬಂದಾಗ ಬಿಸಿ ದೋಸೆ ಥರ ಖರ್ಚಾಯ್ತು. ಜಾನ್ಸನ್ ಮಾತ್ರ ತುಟಿ ಬಿಚ್ಚಲಿಲ್ಲ.

ಆ ಆಯೋಗದ ಮುಂದೆ ಕೆನೆತ್ ಕ್ಲಾರ್ಕ್ ಅನ್ನೋ ಮನಃಶಾಸ್ತ್ರಜ್ಞ ಹೇಳಿಕೆ ಕೊಟ್ಟಿದ್ರು. 1919ರ ಶಿಕಾಗೊ ವರದಿ ಓದಿದ್ರೆ 1935ರ ಹಾರ್ಲೆಮ್ ವರದಿ ಓದಿದ ಹಾಗಾಗುತ್ತೆ, ಅದನ್ನ ಓದಿದ್ರೆ 1943ರ ಹಾರ್ಲೆಮ್‌ದು, ಆಮೇಲೆ ವಾಟ್ಸ್‌ದು, ಅದೇ ಸಿನಿಮಾ ಮತ್ತೆ ಮತ್ತೆ ಹಾಕ್ತಿದ್ದಾರೆ ಅನ್ನೋ ಅರ್ಥದಲ್ಲಿ. ಆಯೋಗದವರು ಇದನ್ನ ತಮ್ಮ ವರದಿಲೇ ಸೇರಿಸಿದ್ರು! ಅಂದ್ರೆ ತಮ್ಮ ಪುಸ್ತಕಾನೂ ಕಪಾಟು ಸೇರುತ್ತೆ ಅಂತ ಅವರಿಗೇ ಗೊತ್ತಿತ್ತು ಅನ್ಸುತ್ತೆ.

ಆದ್ರೆ ಪೂರ್ತಿ ಸೊನ್ನೆ ಅಂತ ನಾನು ಹೇಳಲ್ಲ. ವಾಟ್ಸ್ ಆದ್ಮೇಲೆ ಮೆಕೋನ್ ಆಯೋಗ ಆ ಕಡೆ ಆಸ್ಪತ್ರೆ ಇಲ್ಲ ಅಂತ ಬರೀತು, 1972ರಲ್ಲಿ ಆಸ್ಪತ್ರೆ ಬಂತು. ಮಾರ್ಟಿನ್ ಲೂಥರ್ ಕಿಂಗ್ ಕೊಲೆ ಆಗಿ ನೂರಕ್ಕೂ ಹೆಚ್ಚು ಊರು ಹತ್ತಿ ಉರಿದ ವಾರದಲ್ಲೇ, 1968 ಏಪ್ರಿಲ್ 11ಕ್ಕೆ, ಮನೆ ಮಾರಾಟ ಬಾಡಿಗೆಲಿ ಬಣ್ಣ ನೋಡಬಾರದು ಅನ್ನೋ ಕಾನೂನಿಗೆ ಸಹಿ ಬಿತ್ತು. ಡೆಟ್ರಾಯಿಟ್‌ನಲ್ಲಿ ದಂಗೆ ಆದ್ಮೇಲೂ ಪೊಲೀಸರು ಸ್ಟ್ರೆಸ್ ಅಂತ ಒಂದು ಮಾರುವೇಷದ ದಳ ಮಾಡಿ ಎಷ್ಟೋ ಜನರನ್ನ ಗುಂಡಿಟ್ಟು ಸಾಯಿಸಿದ್ರು, ಆ ಸಿಟ್ಟೇ ಮತ ಆಗಿ 1973ರಲ್ಲಿ ಕೋಲ್‌ಮನ್ ಯಂಗ್ ಆ ಊರಿನ ಮೊದಲ ಕಪ್ಪು ಮೇಯರ್ ಆಗಿ ಗೆದ್ರು, ದಳಾನ ಮುಚ್ಚಿದ್ರು. 1992ರಿಂದ ಬಂದಿದ್ದು ಇನ್ನೂ ದೊಡ್ಡದು, ನನ್ನ ಲೆಕ್ಕದಲ್ಲಿ. 1994ರ ಅಪರಾಧ ಕಾನೂನಲ್ಲಿ ಒಂದು ಸಣ್ಣ ಕಲಂ ಸೇರಿಸಿದ್ರು, ಯಾವುದಾದ್ರೂ ಪೊಲೀಸ್ ಇಲಾಖೆ ರೂಢಿಯಾಗಿ ಜನರ ಹಕ್ಕು ತುಳೀತಿದ್ರೆ ಕೇಂದ್ರದ ನ್ಯಾಯ ಇಲಾಖೆ ಆ ಇಡೀ ಇಲಾಖೆ ಮೇಲೇ ಕೇಸ್ ಹಾಕ್ಬಹುದು ಅಂತ. ಆವರೆಗೂ ಒಬ್ಬೊಬ್ಬ ಪೊಲೀಸ್ ಮೇಲೆ ಕೇಸು, ಅವನು ಖುಲಾಸೆ, ಮುಗೀತು. ಈ ಕಲಂ ಇಂದ "ಕನ್ಸೆಂಟ್ ಡಿಕ್ರಿ" ಅನ್ನೋದು ಬಂತು, ಅಂದ್ರೆ ಕೋರ್ಟ್ ಉಸ್ತುವಾರಿಲಿ ಇಲಾಖೆ ಸುಧಾರಣೆ. 1997ರಲ್ಲಿ ಪಿಟ್ಸ್‌ಬರ್ಗ್ ಮೊದಲನೇದು.

ಅದೇ ಕಲಮಿನ ಕೆಳಗೆ ಬಂದಿದ್ದು ಫರ್ಗುಸನ್ (ಮಿಸೌರಿ ರಾಜ್ಯದ ಒಂದು ಊರು) ವರದಿ, 2015 ಮಾರ್ಚ್. ಇದನ್ನ ಎಲ್ಲರೂ ಓದ್ಬೇಕು. ಮೈಕೆಲ್ ಬ್ರೌನ್ ಅನ್ನೋ 18 ವರ್ಷದ ಹುಡುಗನನ್ನ ಪೊಲೀಸ್ ಕೊಂದಿದ್ದು 2014 ಆಗಸ್ಟ್‌ನಲ್ಲಿ. ನ್ಯಾಯ ಇಲಾಖೆ ಒಂದೇ ದಿನ ಎರಡು ವರದಿ ಕೊಡ್ತು. ಒಂದರಲ್ಲಿ, ಹುಡುಗ ಕೈ ಎತ್ತಿ ಶರಣಾಗಿದ್ದ ಅನ್ನೋದಕ್ಕೆ ಗಟ್ಟಿ ಸಾಕ್ಷಿ ಇಲ್ಲ, ಆ ಪೊಲೀಸ್ ಮೇಲೆ ಕೇಸ್ ನಿಲ್ಲಲ್ಲ ಅಂತು. ಎರಡನೇದರಲ್ಲಿ ಆ ಊರಿನ ಪೊಲೀಸು ಮತ್ತೆ ಕೋರ್ಟು ಹೇಗೆ ನಡೀತಿತ್ತು ಅಂತ ಬಿಚ್ಚಿಡ್ತು. ಊರಲ್ಲಿ ಕರಿಯರು 67%, ಗಾಡಿ ನಿಲ್ಲಿಸಿದ್ರಲ್ಲಿ ಅವರು 85%, ಅರೆಸ್ಟ್‌ನಲ್ಲಿ 93%. ಊರಿನ ಬಜೆಟ್ ತುಂಬಿಸೋಕೆ ದಂಡ ಜಾಸ್ತಿ ಹಾಕಿ ಅಂತ ಮೇಲಿನವರು ಪೊಲೀಸ್ ಮುಖ್ಯಸ್ಥನಿಗೆ ಈಮೇಲ್ ಮಾಡ್ತಿದ್ರು. ಒಬ್ಬ ಹೆಂಗಸು 2007ರಲ್ಲಿ ಒಂದೇ ಒಂದು ಸಲ ಕಾರ್ ತಪ್ಪಾಗಿ ಪಾರ್ಕ್ ಮಾಡಿದ್ದಕ್ಕೆ 151 ಡಾಲರ್ ದಂಡ, ಅದರ ಮೇಲೆ ಫೀಸು. ಆಕೆ ಹತ್ರ ಅಷ್ಟು ದುಡ್ಡಿಲ್ಲ, ಕೋರ್ಟಿಗೆ ಬರಲಿಲ್ಲ ಅಂತ ಮತ್ತೆ ದಂಡ, ಎರಡು ಸಲ ಅರೆಸ್ಟ್, ಆರು ದಿನ ಜೈಲು. ಏಳು ವರ್ಷದಲ್ಲಿ 550 ಡಾಲರ್ ಕಟ್ಟಿದ್ಲು. 2014ರ ಕೊನೆಗೆ ಇನ್ನೂ ಎಷ್ಟು ಬಾಕಿ ಗೊತ್ತಾ, 541.

@ನೇರಮಾತು, ಇದನ್ನ ಸಮರ್ಥನೆ ಅಂತ ಓದಬೇಡಿ. ಆ ಎರಡು ವರದಿ ಒಟ್ಟಿಗೇ ಇಟ್ಕೊಂಡು ನೋಡಿ ಅಂತ ಅಷ್ಟೇ. ಕಿಡಿ ವಿಷಯದಲ್ಲಿ ಜನ ತಪ್ಪು ತಿಳ್ಕೊಂಡಿರ್ಬಹುದು, ಸೌದೆ ಒಣಗಿದ್ದು ಮಾತ್ರ ಸುಳ್ಳಲ್ಲ. ನ್ಯೂವಾರ್ಕ್ ಡ್ರೈವರ್ ಬಗ್ಗೆ ಮೇಲೆ ಹೇಳಿದ್ರಲ್ಲ, ಅದೇ.

ನೇರಮಾತು

ಆ 541 ಡಾಲರ್ ಕಥೆ ಗೊತ್ತಿರಲಿಲ್ಲ. ನಿಜ ಹೇಳ್ತೀನಿ ಅದು ಓದಿ ಸಿಟ್ಟು ಬಂತು. ಆದ್ರೂ ಒಂದು ಕೇಳ್ತೀನಿ, ಬೆಂಕಿ ಬೀಳದೇ ಇದ್ದಿದ್ರೆ ಆ ವರದಿ ಬರ್ತಿರಲಿಲ್ವಾ? ಯಾಕಂದ್ರೆ ಬೆಂಕಿಯಿಂದ ಲಾಭ ಆಗಿದ್ದು ಇನ್ನೊಂದು ಕಡೆಯವರಿಗೂ ಅಲ್ವಾ. 1967ರಲ್ಲಿ ಮಯಾಮಿ ಪೊಲೀಸ್ ಮುಖ್ಯಸ್ಥ "ಲೂಟಿ ಶುರುವಾದ್ರೆ ಗುಂಡೂ ಶುರು" ಅಂದ, 1968ರಲ್ಲಿ ನಿಕ್ಸನ್ ಕಾನೂನು ಸುವ್ಯವಸ್ಥೆ ಅಂತ್ಹೇಳೇ ಗೆದ್ದ, 2020ರಲ್ಲಿ ಟ್ರಂಪ್ ಅದೇ ಮಯಾಮಿ ಸಾಲು ಟ್ವೀಟ್ ಮಾಡಿದ್ರು. ಬೀದಿಗಿಳಿದವನು ಕೊನೆಗೆ ಎದುರಾಳಿ ಕೈಗೆ ಓಟು ಕೊಟ್ಟ ಹಾಗಾಯ್ತು.

ಕಾನೂನುಪುಟ

ಈ ಪಾಯಿಂಟ್‌ಗೆ ನನ್ನ ಹತ್ರ ಪೂರ್ತಿ ಉತ್ತರ ಇಲ್ಲ, ಒಪ್ಕೋತೀನಿ. 1968ರ ಸೇಫ್ ಸ್ಟ್ರೀಟ್ಸ್ ಕಾನೂನಿಂದ ಕೇಂದ್ರದ ದುಡ್ಡು ಹರಿದಿದ್ದು ಪೊಲೀಸ್ ಕಡೆಗೇ, ಕರ್ನರ್ ಕೇಳಿದ ಮನೆ, ಕೆಲಸ, ಶಾಲೆ ಕಡೆಗೆ ಅಷ್ಟು ಹರೀಲಿಲ್ಲ. ಗಲಾಟೆ ಹತ್ತಿಕ್ಕೋ ತರಬೇತಿ ಬೇಗ ಬಂತು, ದೂರು ಕೇಳೋ ವ್ಯವಸ್ಥೆ ನಿಧಾನ.

ಆದ್ರೆ ಬೆಂಕಿ ಇಲ್ದೇನೂ ಆಗ್ಬಹುದಿತ್ತಾ ಅನ್ನೋದಕ್ಕೆ ಸಿನ್ಸಿನಾಟಿ ನೋಡಿ. 1995ರಿಂದ 2001 ಏಪ್ರಿಲ್‌ವರೆಗೂ ಆ ಊರಲ್ಲಿ ಪೊಲೀಸ್ ಕೈಲಿ 15 ಜನ ಕಪ್ಪು ಗಂಡಸರು ಸತ್ತಿದ್ರು. ಜನ ಬೀದಿಗೆ ಬರೋಕೆ ಮುಂಚೆನೇ, 2001 ಮಾರ್ಚ್‌ನಲ್ಲೇ, ಕೋರ್ಟಿಗೆ ಹೋಗಿದ್ರು. ಕೇಸ್ ಹಾಕಿ ಕೆಲವೇ ವಾರ ಆಗಿತ್ತು, ಏಪ್ರಿಲ್ 7ಕ್ಕೆ ತಿಮೋತಿ ಥಾಮಸ್ ಅನ್ನೋ 19 ವರ್ಷದವನನ್ನ ಓಣಿಲಿ ಓಡಿಸಿಕೊಂಡು ಹೋಗಿ ಗುಂಡಿಟ್ರು, ಅವನ ಮೇಲಿದ್ದ ವಾರಂಟ್ ಬಹುತೇಕ ಟ್ರಾಫಿಕ್ ಕೇಸು. ಕೈಲಿ ಆಯುಧ ಇರಲಿಲ್ಲ. ನಾಲ್ಕು ದಿನ ಊರು ಹತ್ತಿಕೊಂಡಿತು. ಮುಂದಿನ ವರ್ಷ ಏಪ್ರಿಲ್‌ಗೆ ಊರಾಡಳಿತ, ಪೊಲೀಸ್ ಯೂನಿಯನ್, ಕೇಸ್ ಹಾಕಿದವರು ಮೂರೂ ಕಡೆಯವರು ಕೂತು ಒಂದು ಒಪ್ಪಂದಕ್ಕೆ ಸಹಿ ಹಾಕಿದ್ರು. ಪೊಲೀಸ್ ಯೂನಿಯನ್ ಸಹಿ ಹಾಕಿದ್ದು ನಂಗೆ ಈಗಲೂ ಆಶ್ಚರ್ಯ. ಕೇಸಿನಿಂದ ಆಯ್ತೋ ಬೆಂಕಿಯಿಂದ ಆಯ್ತೋ ಅಂದ್ರೆ ಎರಡನ್ನೂ ಬಿಡಿಸೋಕಾಗಲ್ಲ. ಕಾಗದ ರೆಡಿ ಇತ್ತು, ಅದಕ್ಕೆ ಸಹಿ ಬೀಳೋಕೆ ಆ ನಾಲ್ಕು ದಿನ ಬೇಕಾಯ್ತು, ನನಗನ್ಸೋದು ಹೀಗೆ.

ಹಿಂದಕ್ಕೂ ಹೋಗ್ತಿದೆ ಅನ್ನೋದೂ ಹೇಳ್ಬೇಕು. ಮಿನಿಯಾಪೊಲಿಸ್‌ಗೆ ಆಗಬೇಕಿದ್ದ ಕೇಂದ್ರದ ಕನ್ಸೆಂಟ್ ಡಿಕ್ರಿನ 2025 ಮೇ ತಿಂಗಳಲ್ಲಿ ಅದೇ ನ್ಯಾಯ ಇಲಾಖೆ ಕೈಬಿಡ್ತು, ಫ್ಲಾಯ್ಡ್ ಸತ್ತು ಐದು ವರ್ಷ ತುಂಬೋಕೆ ನಾಲ್ಕು ದಿನ ಇತ್ತು. ರಾಜ್ಯದ ಜೊತೆ ಮಾಡ್ಕೊಂಡಿದ್ದ ಬೇರೆ ಒಪ್ಪಂದ ಇನ್ನೂ ಇದೆ.

ಲಂಡನ್ ಮಳೆ

ಚಿಕ್ಕದಾಗಿ ಇಲ್ಲಿಂದ ಒಂದು. ಇದು ಅಮೆರಿಕಾದ್ದು ಮಾತ್ರ ಅನ್ಕೋಬೇಡಿ. 1981 ಏಪ್ರಿಲ್, ಲಂಡನ್‌ನ ಬ್ರಿಕ್ಸ್‌ಟನ್ ಬಡಾವಣೆಲಿ ದಂಗೆ. ಪೊಲೀಸರು "ಆಪರೇಷನ್ ಸ್ವಾಂಪ್" ಅಂತ ಹೆಸರಿಟ್ಟು, ಹೆಸರು ನೋಡಿ, ಜೌಗು ಅಂತ, ಮಫ್ತಿಲಿ ಬಂದು ಕೆಲವೇ ದಿನದಲ್ಲಿ 943 ಜನರನ್ನ ನಿಲ್ಲಿಸಿ ತಡಕಿದ್ರು. ಅನುಮಾನ ಬಂದ್ರೆ ಹಿಡಿಯೋಕೆ ಬಳಸ್ತಿದ್ದ "ಸಸ್" ಕಾನೂನು 1824ರದ್ದು, ಅಲೆಮಾರಿಗಳಿಗೆ ಅಂತ ಮಾಡಿದ್ದು! ಆ ವರ್ಷಾನೇ ರದ್ದಾಯ್ತು. ಆ ದಂಗೆ ಬಗ್ಗೆ ಸ್ಕಾರ್ಮನ್ ವರದಿ ಬಂತು, ಸಂಸ್ಥೆಯಲ್ಲಿ ಜನಾಂಗಭೇದ ಇಲ್ಲ ಅಂತು. ಪೊಲೀಸ್ ವ್ಯವಸ್ಥೆಯಲ್ಲೇ ಅದು ಇದೆ ಅಂತ ಒಂದು ಸರ್ಕಾರಿ ವರದಿ ಒಪ್ಕೊಳೋಕೆ 1999ರ ಮ್ಯಾಕ್‌ಫರ್ಸನ್‌ವರೆಗೂ ಕಾಯ್ಬೇಕಾಯ್ತು. ಅದು ಬಂದಿದ್ದು ದಂಗೆಯಿಂದ ಅಲ್ಲ, ಸ್ಟೀಫನ್ ಲಾರೆನ್ಸ್ ಅನ್ನೋ ಕೊಲೆಯಾದ ಕಪ್ಪು ಹುಡುಗನ ಅಪ್ಪ ಅಮ್ಮ ವರ್ಷಗಟ್ಟಲೆ ಬಿಡದೆ ಹಿಂದೆ ಬಿದ್ದಿದ್ದಕ್ಕೆ. @ನೇರಮಾತು ನಿಮ್ಮ ಪ್ರಶ್ನೆಗೆ ಇದೂ ಒಂದು ಉತ್ತರ ಆಗ್ಬಹುದೇನೋ.

ರಾತ್ರಿಪಾಳಿ

ಎಲ್ಲರಿಗೂ ತುಂಬಾ ಥ್ಯಾಂಕ್ಸ್, ಇಷ್ಟು ವಿವರವಾಗಿ ಬರೀತೀರಿ ಅಂತ ಅನ್ಕೊಂಡಿರಲಿಲ್ಲ. ನ್ಯೂವಾರ್ಕ್ ತಪ್ಪಿಗೆ ಕ್ಷಮೆ ಇರಲಿ ಹಳೇಪೇಪರ್ ಸರ್, ಮೇಲೆ ತಿದ್ದಲ್ಲ, ಇಲ್ಲಾಂದ್ರೆ ನಿಮ್ಮ ಉತ್ತರ ಅರ್ಥ ಆಗಲ್ಲ. "ತಮ್ಮ ಏರಿಯಾ" ಅನ್ನೋದು ನಾನು ಸುಮ್ನೆ ಬರೆದಿದ್ದೆ, ಮೇಡಂ ಹೇಳಿದ್ಮೇಲೆ ಆ ಪದಾನೇ ಬೇರೆ ಥರ ಕಾಣ್ತಿದೆ. ನೇರಮಾತು ಸರ್ ಕೇಳಿದ್ದೂ ನನ್ನ ತಲೇಲಿ ಇದ್ದಿದ್ದೇ, ಅದಕ್ಕೆ ಪೂರ್ತಿ ಸಮಾಧಾನ ಆಗಿಲ್ಲ.

ನಿನ್ನೆ ರಾತ್ರಿ ಕರ್ನರ್ ವರದಿ ಡೆಟ್ರಾಯಿಟ್ ಭಾಗ ಶುರು ಮಾಡಿದೆ. ಮಿಶಿಗನ್ ಮೇಡಂ, ಆ ಬಾರ್ ಇದ್ದ ಮೂಲೆ ಈಗ ಹೇಗಿದೆ? ಏನಾದ್ರೂ ಉಳಿದಿದ್ಯಾ?

ಮಿಶಿಗನ್ ಕನ್ನಡತಿ

ಕಟ್ಟಡ ಇಲ್ಲ. ಆ ಜಾಗದಲ್ಲಿ ಒಂದು ಚಿಕ್ಕ ಪಾರ್ಕ್ ಇದೆ, ಗಾರ್ಡನ್ ಪಾರ್ಕ್ ಅಂತ (ಹೂವಿನ ಗಾರ್ಡನ್ ಅಲ್ಲ, ಅದು ಹೆಸರು). 2017ರಲ್ಲಿ 50 ವರ್ಷ ತುಂಬಿದಾಗ ರಾಜ್ಯದವರು ಒಂದು ಫಲಕ ಹಾಕಿದ್ರು. ಸುತ್ತ ಖಾಲಿ ಸೈಟುಗಳು ಜಾಸ್ತಿ, ಹುಲ್ಲು ಬೆಳೆದಿರುತ್ತೆ. ಈ ಶನಿವಾರ ಆ ಕಡೆ ಹೋಗೋ ಕೆಲಸ ಇದೆ, ಫೋಟೋ ತೆಗೆದು ಇಲ್ಲೇ ಹಾಕ್ತೀನಿ.